ಹೊಲಿಗೆ ಮಿಸ್ಸಿನ ಕಪ್ಪು ಕೂದಲು

ನಮ್ಮ ಹೊಲಿಗೆ ಮಿಸ್ಸು ತೀರಿಕೊಂಡ ಸುದ್ದಿಯನ್ನು ಅಮ್ಮ ಬಂಗಾರಪೇಟೆಯ ಟೆಲಿಫೋನ್ ಬೂತಿನಿಂದ ಹೇಳಿದಾಗ ನಾನು ಮೊದಲು ಕೇಳಿದ್ದು, "ಕೂದಲು ಹೆಂಗಿತ್ತು?" ಅಂತ. ಯಾವಾಗ ಹೋದರು, ಏನಾಗಿತ್ತು ಎಂದು ಕೇಳಬೇಕಾದ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಅದು. ಲೈನು ಸರಿಯಿಲ್ಲವೆಂದುಕೊಂಡ ಅಮ್ಮ ಇನ್ನಷ್ಟು ಗಟ್ಟಿಯಾಗಿ, "ಮಿಸ್ಸಮ್ಮ ಓಗ್ಬಿಟ್ರು ಕಣೇ, ಎದೆನೋವಂತೆ" ಎಂದು ಕೂಗಿದಳು. ನಾನು ಮತ್ತೆ ಅದನ್ನೇ ಕೇಳಿದೆ. "ಕೂದ್ಲಿಗೇನಾಗಿತ್ತು? ಕಪ್ಗೇ ಇತ್ತು. ಒಂದ್ ಬಿಳೀದೂ ಇರ್ಲಿಲ್ಲ, ಪಾಪ" ಅಂದವಳು ಅಳುತ್ತಾ ಫೋನಿಟ್ಟಳು.

ಮಿಸ್ಸಿನ ಹೆಸರನ್ನು ನಾನು ಬರೆಯುವುದಿಲ್ಲ. ಬಂಗಾರಪೇಟೆಯ ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇಲ್ಲ. ನಮ್ಮಮ್ಮನಂಥ ಹಾಲು ಕರೆಯುವ, ಕೂಲಿಗೆ ಹೋಗುವ ಹೆಂಗಸರಿಗೆ ಅವರು ಮಿಸ್ಸಮ್ಮ. ಉರಿಗಾಮಿನ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದುದರಿಂದ ನಮಗೆ ಹೊಲಿಗೆ ಮಿಸ್ಸು. ಬೆಳಿಗ್ಗೆ ಮಾರಿಕುಪ್ಪಂ ರೈಲಿನಲ್ಲಿ ನಾನೂ ಅವರೂ ಒಟ್ಟಿಗೆ ಹೋಗಿ ಸಂಜೆ ಒಟ್ಟಿಗೆ ಬರುತ್ತಿದ್ದೆವು. ಕೊರಳಲ್ಲಿ ಸರದ ಬದಲು ಅಳತೆ ಟೇಪು ನೇತುಹಾಕಿಕೊಂಡೇ ರೈಲು ಹತ್ತುವರು. ಕಿಟಕಿ ಪಕ್ಕ ಕೂತರೆ ಎದುರಿಗಿದ್ದ ಹುಡುಗಿಯ ಜಡೆ ಸಡಿಲವಾಗಿದ್ದರೂ ಸಹಿಸುವವರಲ್ಲ. "ಬಾ ಇಲ್ಲಿ, ಇದೇನು ಜಡೆಯೋ ಹೊರೆ ಕಟ್ಟೋ ಹಗ್ಗವೋ" ಎಂದು ಬಿಚ್ಚಿ ಉರಿಗಾಂ ಬರುವುದರೊಳಗೆ ಹೊಸದಾಗಿ ಹೆಣೆದುಬಿಡುವರು. ಹೆಣೆಯುವಾಗ ಕೂದಲು ಎಳೆದು ನೋಯಿಸಿದ್ದು ನೆನಪಿಲ್ಲ. ಅಷ್ಟು ಹಗುರ ಕೈ.

ಅವರ ಇನ್ನೊಂದು ಖ್ಯಾತಿ ಎಂದರೆ ಅಮ್ಮಂದಿರನ್ನು ಒಪ್ಪಿಸುವುದು. ಯಾವ ಹುಡುಗಿಗೆ ಏನು ಬೇಕಾದರೂ ಮೊದಲು ಮಿಸ್ಸಿನ ಹತ್ತಿರ ಬರುತ್ತಿದ್ದಳು. ಅವರು ಒಬ್ಬೊಬ್ಬ ಅಮ್ಮನಿಗೂ ಒಂದೊಂದು ಉಪಾಯ ಇಟ್ಟುಕೊಂಡಿದ್ದರು. ನಮ್ಮಮ್ಮನದು ಎದುರು ಮಾತಿನ ಸ್ವಭಾವ. ಬಿಸಿಲು ಜೋರು ಅಂದರೆ ಎಲ್ಲಿದೆ ಬಿಸಿಲು ಅನ್ನುವವಳು. ಅಪ್ಪ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದ, ಮನೆಯ ವಿಷಯಕ್ಕೆ ತಲೆಹಾಕುತ್ತಿರಲಿಲ್ಲ, ಹಾಕಿದರೂ ಅಮ್ಮ ಕೇಳುತ್ತಿರಲಿಲ್ಲ. ಇಂಥವಳನ್ನು ಮಿಸ್ಸು ಹೇಗೆ ಬಗ್ಗಿಸುತ್ತಿದ್ದರು ಅಂದರೆ, ನಮ್ಮ ಹೊಸಿಲ ಮೇಲೆ ಕೂತು, ಒಂದು ಲೋಟ ಮಜ್ಜಿಗೆ ಕೇಳಿ, ಹಸುವನ್ನು ಹೊಗಳಿ, ಆಮೇಲೆ ತಮಗೆ ಬೇಕಾದ್ದಕ್ಕೆ ಪೂರಾ ಉಲ್ಟಾ ಮಾತಾಡುವರು.

ನಾನು ದೊಡ್ಡವಳಾದಾಗ ಬೀದಿಯವರೆಲ್ಲ ಶಾಲೆ ಬಿಡಿಸು ಅಂದರು. ಅಮ್ಮ ಯಾವ ಕಡೆಗೂ ಹೇಳದೆ ಕೂತಿದ್ದಳು. ಮಿಸ್ಸು ಬಂದರು, ಮಜ್ಜಿಗೆ ಕುಡಿದರು. "ಬಿಡಿಸಿಬಿಡಿ ಮುನಿಯಮ್ಮಕ್ಕ. ಹಾಲು ಹಾಕೋರ ಮನೆ ಹುಡುಗಿ ಓದಿ ಯಾವ ರಾಜ್ಯ ಆಳಬೇಕು?"

"ಯಾಕ್ ಬಿಡಿಸ್ಬೇಕು?" ಅಮ್ಮ ಸೆಟೆದು ಕೂತಳು. "ಆಲು ಆಕೋರ್ ಮಕ್ಳಿಗೆ ತಲೆ ಇರಲ್ವಾ? ನಾಳೆಯಿಂದ್ಲೇ ಕಳಿಸ್ತೀನಿ ನೋಡಿ."

ನಾನು ಬಾಗಿಲ ಹಿಂದಿದ್ದೆ. ಮಿಸ್ಸಿನ ಮುಖ ನನಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಹೊಸಿಲಿನ ಈಚೆಗೆ ಚಾಚಿದ ಕಾಲು. ಅದರ ಹೆಬ್ಬೆರಳು ಮೇಲೆ ಕೆಳಗೆ ಅಲ್ಲಾಡುತ್ತಿತ್ತು. ಮರುದಿನ ರೈಲಿನಲ್ಲಿ ಅವರೇ ಗುಟ್ಟು ಹೇಳಿದರು. "ನಾನು ನಿನ್ನ ಬೈತಾ ಇದ್ರೆ ಹೆದರಬೇಡ ಗಿರಿಜಾ. ಕಾಲು ನೋಡು. ಬೆರಳು ಆಡ್ತಾ ಇದ್ರೆ ಅದೆಲ್ಲ ನಾಟಕ ಅಂತ ತಿಳ್ಕೋ." ಶಾಲೆಯ ಟೂರಿಗೂ ಹೀಗೇ ಆಯಿತು, ಉದ್ದ ಲಂಗದ ಬದಲು ಸ್ಕರ್ಟು ಹೊಲಿಸುವುದಕ್ಕೂ ಹೀಗೇ ಆಯಿತು. ಮಿಸ್ಸು ಹೆಚ್ಚು ಬೈದಷ್ಟೂ ಅಮ್ಮ ಬೇಗ ಒಪ್ಪುವಳು. ಆ ಹೆಬ್ಬೆರಳನ್ನು ನಾನು ದೇವರ ಪಟಕ್ಕಿಂತ ಹೆಚ್ಚು ನಂಬಿದ್ದೆ.

ಇಷ್ಟೆಲ್ಲ ಉಪಕಾರಕ್ಕೆ ನಾನೂ ಅವರಿಗೊಂದು ಕೆಲಸ ಮಾಡಿಕೊಡುತ್ತಿದ್ದೆ. ಅದು ಇನ್ನೊಂದು ನರಪಿಳ್ಳೆಗೆ ಗೊತ್ತಿರಲಿಲ್ಲ. ಮಿಸ್ಸಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಮೂವತ್ತು ಹತ್ತಿರ ಬಂದಿತ್ತು, ಅಣ್ಣ ಅತ್ತಿಗೆ ಜೊತೆ ಇದ್ದರು. ತಲೆ ಮಾತ್ರ ಯಾವತ್ತೋ ಬೆಳ್ಳಗಾಗಿಬಿಟ್ಟಿತ್ತು. ಅವರ ತಾಯಿಗೂ ಹಾಗೇ ಆಗಿತ್ತಂತೆ. ಅಣ್ಣ ಅತ್ತಿಗೆ ಭಾನುವಾರ ಚರ್ಚಿನ ಬೀದಿಯ ಸಂತೆಗೆ ಹೋದಾಗ ನಾನು ಹಾಲು ಕೊಡುವ ನೆಪದಲ್ಲಿ ಹೋಗುತ್ತಿದ್ದೆ. ಹಿತ್ತಲಲ್ಲಿ ಬಚ್ಚಲಿನ ಪಕ್ಕ ಅವರು ಬೆನ್ನು ಮಾಡಿ ಕೂರುವರು. ತೆಂಗಿನ ಚಿಪ್ಪಿನಲ್ಲಿ ಕಪ್ಪು ಪುಡಿ ಕಲಸಿ, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ನಾನು ಬೈತಲೆಯಿಂದ ಶುರುಮಾಡಿ ಬುಡಬುಡಕ್ಕೆ ಹಚ್ಚುವೆ. ಹಚ್ಚುವುದು ತಡವಾಗಿ ಬುಡದಲ್ಲಿ ಬಿಳುಪು ಕಂಡರೆ ಅದಕ್ಕೂ ಒಂದು ಮಾತು ಸಿದ್ಧವಿತ್ತು. ಗಾಳಿ ಕಾಲದಲ್ಲಿ, ಗಣಿಯವರು ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದಿಂದ ಹಾರುವ ಬಿಳಿ ಧೂಳು ನಮ್ಮೆಲ್ಲರ ತಲೆಗೂ ಕೂರುತ್ತಿತ್ತಲ್ಲ, "ಹಾಳು ದಿಬ್ಬದ ಧೂಳು" ಎಂದು ಸೆರಗಿನಿಂದ ತಲೆ ಕೊಡವಿಕೊಳ್ಳುವರು. ನೋಡಿದವರು ನಂಬುವರು.

ಹೀಗಿರುವಾಗ ಎಂಬತ್ತರ ದಶಕದ ಒಂದು ಬೇಸಿಗೆಗೆ ಮುಂಚೆ ನನಗೂ ನನ್ನ ಗೆಳತಿ ಸೆಲ್ವಿಗೂ ಕೂದಲಿಗೆ ಕಂದು ಬಣ್ಣ ಹಾಕಿಕೊಳ್ಳುವ ಹುಚ್ಚು ಹಿಡಿಯಿತು. ನಮ್ಮ ಕ್ಲಾಸಿನಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಹುಡುಗಿ ಇದ್ದಳು. ಅವಳು ಗ್ರೌಂಡಿನ ಬಿಸಿಲಲ್ಲಿ ನಿಂತರೆ ತಲೆ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ನಾವಿಬ್ಬರೂ ನೆರಳಲ್ಲಿ ಕೂತು ಹೊಟ್ಟೆ ಉರಿಸಿಕೊಳ್ಳುತ್ತಿದ್ದೆವು. ರಾಬರ್ಟ್‌ಸನ್‌ಪೇಟೆಯ ಫ್ಯಾನ್ಸಿ ಸ್ಟೋರಿನ ಗಾಜಿನ ಹಿಂದೆ ಅಂಥದ್ದೇ ಕೂದಲಿನ ಹೆಂಗಸಿನ ಚಿತ್ರವಿದ್ದ ಒಂದು ಡಬ್ಬಿ ಇತ್ತು. ಅದನ್ನು ನೋಡಲೆಂದೇ ಸುತ್ತುಹಾಕಿ ಹೋಗುತ್ತಿದ್ದೆವು. ಸೆಲ್ವಿಯ ಅಪ್ಪ ಗಣಿ ಕೆಲಸದವನು, ಉರಿಗಾಮಿನ ಲೈನು ಮನೆಯಲ್ಲಿದ್ದ. ಶಿಫ್ಟು ಮುಗಿಸಿ ಬಂದು ಮುಖ ತೊಳೆಯುತ್ತಿದ್ದವನನ್ನು ಅವಳು ಕೇಳಿದ್ದಕ್ಕೆ, ತಲೆಯೆತ್ತದೆ "ಪಣ್ಣಿಕ್ಕೋ, ಪೋ" ಅಂದುಬಿಟ್ಟನಂತೆ. ಮಾಡ್ಕೋ ಹೋಗು ಎಂದು. ಅಷ್ಟು ಸುಲಭ.

"ನಂದು ಆಯ್ತುಡೀ" ಅಂದಳು ಸೆಲ್ವಿ. "ನಿಂಗೆ ನಿಮ್ಮಮ್ಮ ಒಪ್ಪಲ್ಲ. ನೀನು ಕಪ್ಪೀನೇ."

ನನಗೆ ಅವಮಾನವಾಯಿತು. ಆ ಭಾನುವಾರ ಮಿಸ್ಸಿನ ತಲೆಗೆ ಹಚ್ಚುತ್ತಾ ಎಲ್ಲ ಹೇಳಿಕೊಂಡೆ. ಅವರು ನಕ್ಕರು. ನಿಮ್ಮಮ್ಮನಿಗೆ ಏನಂತ ಹೇಳಲಿ ಎಂದು ಕೇಳಿದರು. ನಾನು ತುಂಬ ಜಾಣೆಯ ಹಾಗೆ, "ನೀವೂ ಹಾಕ್ಕೊಳ್ತೀರ ಅಂತ ಹೇಳಿ ಮಿಸ್. ಏನೂ ಆಗಿಲ್ಲ ಅಲ್ವಾ? ಅಮ್ಮ ನಂಬ್ತಾಳೆ" ಅಂದೆ.

ಬ್ರಶ್ಶಿನ ಕೆಳಗೆ ಅವರ ಕತ್ತು ಬಿಗಿಯಿತು. ತಲೆಯನ್ನು ಮುಂದಕ್ಕೆ ಎಳೆದುಕೊಂಡರು. ಆಮೇಲೆ, "ಇದನ್ನ ಸೆಲ್ವಿಗೆ ಹೇಳಿದ್ದೀಯಾ?"

"ಇಲ್ಲ ಮಿಸ್, ದೇವರಾಣೆ. ಯಾರಿಗೂ ಹೇಳಿಲ್ಲ."

"ಒಳ್ಳೇ ಹುಡುಗಿ" ಅಂದರು. "ನಿಮ್ಮಮ್ಮನ್ನ ನಾನು ನೋಡ್ಕೊಳ್ತೀನಿ. ನೀನು ಮಧ್ಯೆ ಬಾಯಿ ಹಾಕಬೇಡ." ಆ ತಿಂಗಳೇ ಅವರಿಗೆ ಕುಪ್ಪಂ ಕಡೆಯ ಒಂದು ಸಂಬಂಧ ಬಂದಿತ್ತು, ಗಂಡಿನ ಕಡೆಯವರು ನೋಡಿಕೊಂಡೂ ಹೋಗಿದ್ದರು. ಬೀದಿಗೆಲ್ಲ ಗೊತ್ತಿದ್ದ ವಿಷಯ. ನನ್ನ ತಲೆಯಲ್ಲಿ ಮಾತ್ರ ಜೇನಿನ ಬಣ್ಣ ಬಿಟ್ಟು ಇನ್ನೇನೂ ಇರಲಿಲ್ಲ.

ಮಿಸ್ಸು ನಮ್ಮ ಮನೆಗೆ ಬಂದ ಸಂಜೆ ಅಮ್ಮ ಹೊಸಿಲ ಈಚೆಗೆ ದೊಡ್ಡ ಮಜ್ಜಿಗೆ ಮಡಕೆ ಇಟ್ಟುಕೊಂಡು ಕಡೆಯುತ್ತಿದ್ದಳು. ನಾನು ಎಂದಿನ ಜಾಗದಲ್ಲಿ ಬಾಗಿಲ ಹಿಂದೆ ನಿಂತೆ. ಮಡಕೆ ಅಡ್ಡ ಬಂದು ಮಿಸ್ಸಿನ ಕಾಲು ಕಾಣಲಿಲ್ಲ.

"ಮುನಿಯಮ್ಮಕ್ಕ, ನಿಮ್ಮ ಮಗಳ ತಲೆ ಕೆಟ್ಟಿದೆ. ಕೂದಲಿಗೆ ಬಣ್ಣ ಹಚ್ಕೊಳ್ತಾಳಂತೆ. ಚಿಕ್ಕವಳಿದ್ದಾಗ ಜ್ವರ ಬಂದು ನೀವು ತಿಮ್ಮಪ್ಪನಿಗೆ ಮುಡಿ ಹರಕೆ ಹೊತ್ತಿದ್ದೀರಲ್ಲ, ಇನ್ನೂ ತೀರಿಸಿಲ್ಲ. ಹರಕೆ ಮುಡಿಗೆ ಬಣ್ಣ ಬಳಿದ್ರೆ ದೇವರು ಸುಮ್ನಿರ್ತಾನಾ? ನನ್ನ ಕೇಳಿದ್ರೆ ತಿರುಪತಿಗೆ ಕರ್ಕೊಂಡು ಹೋಗಿ ಬೋಳಿಸಿಬಿಡಿ. ಹುಚ್ಚು ಇಳೀಲಿ."

ನಾನು ಬಾಯಿಗೆ ಕೈ ಒತ್ತಿಕೊಂಡೆ. ಮಿಸ್ಸು ಇಷ್ಟು ಜೋರಾಗಿ ಯಾವತ್ತೂ ಬೈದಿರಲಿಲ್ಲ. ಇನ್ನೇನು, ಅಮ್ಮ ಸೆಟೆಯುತ್ತಾಳೆ, ಯಾಕ್ ಬೋಳಿಸ್ಬೇಕು ಅನ್ನುತ್ತಾಳೆ, ಗೆದ್ದೆ ಅಂದುಕೊಂಡೆ. ನಗು ತಡೆಯಲಾಗದೆ ಹಿತ್ತಲ ಕೊಟ್ಟಿಗೆಗೆ ಓಡಿ, ಕರುವಿನ ಕತ್ತು ತಬ್ಬಿಕೊಂಡು ನಕ್ಕೆ. ತಿರುಗಿ ಬರುವಾಗ ಮಿಸ್ಸು ಹೊರಟುಹೋಗಿದ್ದರು. ಅಮ್ಮ ಕಡೆಯುವುದನ್ನು ನಿಲ್ಲಿಸಿ ಸುಮ್ಮನೆ ಕೂತಿದ್ದಳು. ನನ್ನನ್ನು ಒಮ್ಮೆ ನೋಡಿ ಮತ್ತೆ ಕಡೆಗೋಲಿಗೆ ಕೈ ಹಾಕಿದಳು.

ಮರುದಿನ ರೈಲಿನಲ್ಲಿ ಮಿಸ್ಸು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಮೊದಲು ಹರಕೆ ತೀರಲಿ. ಆಮೇಲೆ ನಿನ್ನ ತಲೆ ನಿನ್ನದು" ಅಂದರು. ನಮ್ಮ ಕಡೆ ದೊಡ್ಡ ಹುಡುಗಿಯರು ಪೂರ್ತಿ ಮುಡಿ ಕೊಡುವ ಬದಲು ಮೂರು ಕತ್ತರಿ ಕೊಡುವ ರೂಢಿ ಇದೆ. ಜಡೆಯ ತುದಿಯಲ್ಲಿ ಮೂರು ಸಲ ಕತ್ತರಿ ಆಡಿಸಿದರೆ ದೇವರಿಗೆ ಸಂದಂತೆ. "ಮೂರು ಕತ್ತರಿ ತಾನೇ ಮಿಸ್?" ಎಂದು ಕೇಳಿದೆ. "ಮತ್ತಿನ್ನೇನು" ಅಂದರು. ಎಂಥ ತಲೆ ಇವರದು ಎಂದು ನನಗೆ ಹೆಮ್ಮೆಯಾಯಿತು. ದೇವರ ಲೆಕ್ಕವನ್ನೂ ಮುಗಿಸಿ ದಾರಿ ಮಾಡಿಕೊಡುತ್ತಿದ್ದಾರೆ! ಮತ್ತೊಂದು ದಿನ ಅದೇ ರೈಲಿನಲ್ಲಿ ಕೊರಳ ಟೇಪು ತೆಗೆದು ನನ್ನ ತಲೆಯ ಸುತ್ತಳತೆ ತೆಗೆದರು. ಹೊಸ ಕೂದಲಿಗೆ ಹೊಸ ಬ್ಯಾಂಡು ಹೊಲಿಯುತ್ತೇನೆ ಅಂದರು. ನಾನು ಕತ್ತು ಅಲ್ಲಾಡಿಸದೆ ಕೂತು ಅಳತೆ ಕೊಟ್ಟೆ.

ರಜಾ ಶುರುವಾದ ಮೇಲೆ ತಿರುಪತಿಗೆ ಹೊರಟೆವು, ಅಮ್ಮ, ನಾನು, ಮಿಸ್ಸು. ಬಸ್ಸಿನಲ್ಲಿ ಅಮ್ಮ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು, ನಾನು ಕೊಟ್ಟ ಕಿತ್ತಳೆಯನ್ನೂ ತಿನ್ನಲಿಲ್ಲ. ಹರಕೆಯ ಭಕ್ತಿ ಎಂದುಕೊಂಡೆ. ಮಿಸ್ಸು ದಾರಿಯುದ್ದಕ್ಕೂ ನನಗೆ ಬೆಟ್ಟ ತೋರಿಸಿದರು, ಕಡಲೆಕಾಯಿ ಸುಲಿದು ಕೊಟ್ಟರು.

ಮುಡಿ ತೆಗೆಯುವ ಕಲ್ಯಾಣಕಟ್ಟೆಯಲ್ಲಿ ಒದ್ದೆ ನೆಲದ ಮೇಲೆ ಸಾಲಾಗಿ ಕೂತಿದ್ದ ಜನರ ನಡುವೆ ನನ್ನನ್ನೂ ಕೂರಿಸಿದರು. ಕ್ಷೌರಿಕ ವಯಸ್ಸಾದವನು. ನನ್ನ ತಲೆಗೆ ನೀರು ಸುರಿದು, ನನ್ನ ವಯಸ್ಸು ನೋಡಿ ಅನುಮಾನವಾಯಿತೋ ಏನೋ, ಹಿಂದೆ ನಿಂತಿದ್ದವರನ್ನು ಕೇಳಿದ. "ಮೂಡು ಕತ್ತೆರಲಾ, ಗುಂಡಾ?" ಮೂರು ಕತ್ತರಿಯೋ ಪೂರ್ತಿ ಬೋಳೋ ಎಂದು. ತೆಲುಗು ನಮಗೆಲ್ಲ ಬರುತ್ತಿತ್ತು. ನಾನೇ ಬಾಯಿ ತೆರೆದೆ.

"ಗುಂಡೇ" ಅಂದರು ಮಿಸ್ಸು.

ನಾನು ತಿರುಗಿ ನೋಡಿದೆ. ಅಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡು ಗೋಡೆಯ ಕಡೆ ನಿಂತಿದ್ದಳು. ಇದೂ ಉಪಾಯವೇ ಇರಬೇಕು, ಈಗ ಅಮ್ಮ ಬೇಡ ಅನ್ನುತ್ತಾಳೆ, ಅನ್ನಲಿಕ್ಕೇ ಮಿಸ್ಸು ಹೀಗಂದರು ಎಂದುಕೊಂಡು ನಾನು ಮಿಸ್ಸಿನ ಕಾಲು ನೋಡಿದೆ. ಬರಿಗಾಲು, ಒದ್ದೆಯಾಗಿತ್ತು, ಸುತ್ತ ಯಾರದೋ ಕೂದಲು ಅಂಟಿತ್ತು. ಹೆಬ್ಬೆರಳು ಅಲ್ಲಾಡಲಿಲ್ಲ. ನಾನು ನೋಡುತ್ತಲೇ ಇದ್ದೆ. ಕತ್ತಿ ನೆತ್ತಿಗೆ ತಾಗಿ, ಮೊದಲ ಹಿಡಿ ಕೂದಲು ನನ್ನ ತೊಡೆಯ ಮೇಲೆ ಬಿತ್ತು. ಕಿರಿಚಿಕೊಂಡು ಏಳಹೋದೆ. ಮಿಸ್ಸು ಬಗ್ಗಿ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಜಡೆ ಹೆಣೆಯುವಾಗಿನ ಅದೇ ಹಗುರ ಕೈ. "ಅಲ್ಲಾಡಬೇಡಮ್ಮ, ಗಾಯ ಆಗುತ್ತೆ" ಅಂದರು.

ಮುಗಿದ ಮೇಲೆ ಅವರು ಚೀಲದಿಂದ ಒಂದು ಟೋಪಿ ತೆಗೆದರು. ನೀಲಿ ಮಖಮಲ್ಲಿನದು, ಒಳಗೆ ಹತ್ತಿಬಟ್ಟೆಯ ಅಸ್ತರು, ಅಂಚಿಗೆ ಸಣ್ಣ ಸರಪಳಿ ಹೊಲಿಗೆ. ನನ್ನ ತಲೆಗೆ ಇಟ್ಟರು. ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲವಿಲ್ಲ. ರೈಲಿನಲ್ಲಿ ತೆಗೆದ ಅಳತೆ ಯಾತಕ್ಕೆಂದು ನನಗೆ ಆಗ ಗೊತ್ತಾಯಿತು. ನನ್ನ ಪಕ್ಕ ಕೂತು ಬೆಟ್ಟ ತೋರಿಸಿದಾಗಲೂ, ಕಡಲೆಕಾಯಿ ಸುಲಿದುಕೊಟ್ಟಾಗಲೂ ಆ ಟೋಪಿ ಅವರ ಚೀಲದಲ್ಲೇ ಇತ್ತು. ಇವತ್ತಿಗೂ ನನಗೆ ಬೋಳು ತಲೆಗಿಂತ ಆ ಟೋಪಿಯ ಮೇಲೇ ಸಿಟ್ಟು.

ಶಾಲೆ ಶುರುವಾದಾಗ ಸೆಲ್ವಿ ತಾಮ್ರದ ಬಣ್ಣದ ಜಡೆ ಹಾಕಿಕೊಂಡು ಬಂದಿದ್ದಳು. ನನ್ನನ್ನು ನೋಡಿ ನಗಲಿಲ್ಲ. "ಯಾರುಡೀ ಹಿಂಗ್ ಮಾಡಿದ್ದು?" ಎಂದು ಅತ್ತುಬಿಟ್ಟಳು. ಹರಕೆ ಅಂದೆ. ಮಿಸ್ಸಿನ ಗುಟ್ಟನ್ನು ಅವತ್ತು ಅವಳ ಕಿವಿಯಲ್ಲಿ ಹೇಳಿದ್ದರೆ ಸಂಜೆಯೊಳಗೆ ಮಾರಿಕುಪ್ಪಂವರೆಗೂ ಹಬ್ಬುತ್ತಿತ್ತು. ಬಾಯಿವರೆಗೆ ಬಂತು. ಹೇಳಲಿಲ್ಲ. ಕೊಟ್ಟ ಮಾತು ಎಂಬುದು ನನಗೆ ಅವರೇ ಕಲಿಸಿದ್ದಾಗಿತ್ತು.

ಭಾನುವಾರಗಳಲ್ಲಿ ಹೋಗುವುದನ್ನು ಬಿಟ್ಟೆ. ಅವರೂ ಕರೆಯಲಿಲ್ಲ. ರೈಲಿನಲ್ಲಿ ನಾನು ಬೇರೆ ಡಬ್ಬಿ ಹತ್ತಲು ಶುರುಮಾಡಿದೆ. ಅವರ ಹಿತ್ತಲಲ್ಲಿ ಬೇರೆ ಯಾರಿಗೆ ಬೆನ್ನು ಮಾಡಿ ಕೂರುತ್ತಿದ್ದರೋ, ತಾವೇ ಕನ್ನಡಿ ಹಿಡಿದು ಹಚ್ಚಿಕೊಳ್ಳುತ್ತಿದ್ದರೋ ತಿಳಿಯದು. ಕುಪ್ಪಂ ಸಂಬಂಧ ಕುದುರಿತು. ಮದುವೆಗೆ ಅಮ್ಮ ನನ್ನನ್ನು ಎಳೆದುಕೊಂಡು ಹೋದಳು. ನನ್ನ ತಲೆಯಲ್ಲಿ ಹುಡುಗರ ಹಾಗೆ ಮೋಟು ಕೂದಲು. ಅವರ ಜಡೆ ತುಂಬ ಮಲ್ಲಿಗೆ. "ಏನ್ ಕೂದ್ಲು ನೋಡ್ರೀ, ಕಾಡಿಗೆ ಇದ್ದಂಗೈತೆ" ಎಂದು ಗಂಡಿನ ಕಡೆಯ ಹೆಂಗಸರು ಮುಟ್ಟಿಮುಟ್ಟಿ ನೋಡುತ್ತಿದ್ದರು. ಮಿಸ್ಸು ಅವರ ತಲೆಗಳ ಮೇಲಿಂದ ನನ್ನನ್ನು ನೋಡಿದರು. ಹೆದರಿದ್ದರು. ನಾನು ಅಕ್ಷತೆ ಹಾಕಿ ಊಟಕ್ಕೆ ಕೂತೆ.

ಆಮೇಲೆ ನಮ್ಮ ಮನೆಯಲ್ಲಿ ಒಂದು ಬದಲಾವಣೆ ಬಂತು. ಅಮ್ಮ ನನ್ನ ಮಾತನ್ನು ಹಾಗೇ ನಂಬುವುದನ್ನು ನಿಲ್ಲಿಸಿದಳು. ಪಾಸಾದೆ ಅಂದರೆ, ಮದುವೆಯಾದ ಮೇಲೂ ಬಂಗಾರಪೇಟೆಯಲ್ಲೇ ಮನೆ ಮಾಡಿದ್ದ ಮಿಸ್ಸನ್ನು ಕೇಳಿ ಖಾತ್ರಿ ಮಾಡಿಕೊಳ್ಳುವಳು. ರೈಲು ತಡವಾಯಿತು ಅಂದರೆ ಸ್ಟೇಷನ್ನಿನ ಕಡೆಯಿಂದ ಬಂದವರನ್ನು ವಿಚಾರಿಸುವಳು. ಕಾಲೇಜಿಗೆ ಹೋದೆ, ಮದುವೆಯಾಗಿ ಕೋಲಾರ ಸೇರಿದೆ, ನನಗೊಂದು ಮಗುವಾಯಿತು. ಆದರೂ ಅಮ್ಮನ ಕಣ್ಣಲ್ಲಿ ಆ ಅನುಮಾನ ಹೋಗಲಿಲ್ಲ. ಬೆಳೆದ ಹುಡುಗಿಯ ತಾಯಿಯ ಭಯ ಎಂದು ಮೊದಮೊದಲು ಸಮಾಧಾನ ಮಾಡಿಕೊಂಡಿದ್ದೆ. ಆಮೇಲೆ ಅಭ್ಯಾಸವಾಯಿತು.

ಸುದ್ದಿ ಬಂದ ದಿನ ನಾನು ಬಸ್ಸು ಹಿಡಿದು ಬಂಗಾರಪೇಟೆಗೆ ಹೋದೆ. ಅವರ ಮನೆಯ ಮುಂದೆ ಹಳೇ ಹುಡುಗಿಯರೆಲ್ಲ ನೆರೆದಿದ್ದರು. ಒಬ್ಬೊಬ್ಬರೂ ಮಿಸ್ಸು ತಮ್ಮ ಅಮ್ಮನನ್ನು ಹೇಗೆ ಒಪ್ಪಿಸಿದರೆಂದು ಹೇಳಿಕೊಂಡು ಅಳುತ್ತಿದ್ದರು. ಅವರಲ್ಲೊಬ್ಬಳು ನರ್ಸಾಗಿದ್ದಳು, ಇನ್ನೊಬ್ಬಳು ಪೋಸ್ಟಾಫೀಸಿನಲ್ಲಿದ್ದಳು. ಸುಳ್ಳಲ್ಲ, ಎಲ್ಲ ನಿಜ. ನಾನು ಶಾಲೆ ಬಿಡದೆ ಉಳಿದದ್ದೂ ಅವರಿಂದಲೇ. ಮಿಸ್ಸನ್ನು ನೋಡಿದೆ. ಅಮ್ಮ ಹೇಳಿದ್ದು ಸರಿ, ಒಂದೂ ಬಿಳಿ ಎಳೆ ಇರಲಿಲ್ಲ. ನನಗೆ ಅಳು ಬರಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿ ಕೂತಾಗ ಅಮ್ಮ ತಾನಾಗಿ ಮಾತು ತೆಗೆದಳು. "ನಿನ್ ಕೂದ್ಲಿನ ವಿಷ್ಯ ಅವತ್ತು ನಾನು ಒಪ್ಪಿದ್ದೆ ಕಣೇ."

"ಏನಂದೆ?"

"ಬಣ್ಣ ಅಚ್ಕಳ್ಳೋದು. 'ಯಾಕ್ ಬೋಳಿಸ್ಬೇಕು, ಓಗ್ಲಿ ಬಿಡಿ ಮಿಸ್ಸಮ್ಮ, ಮಗಾ ಆಸೆ ಪಟ್ಟೈತೆ, ಅಚ್ಕಳ್ಳಲಿ' ಅಂತ ಅಂದ್ಬಿಟ್ಟೆ. ನೀನು ಒಳಗಿರ್ಲಿಲ್ಲ."

ನಾನು ಕೊಟ್ಟಿಗೆಯಲ್ಲಿದ್ದೆ, ಕರುವನ್ನು ತಬ್ಬಿಕೊಂಡು ನಗುತ್ತಿದ್ದೆ. ಉಪಾಯ ಎಂದಿನಂತೆ ಫಲಿಸಿತ್ತು. ಅಮ್ಮ ಸೆಟೆದಿದ್ದಳು, ಒಪ್ಪಿದ್ದಳು. ಮಿಸ್ಸು ಅಲ್ಲಿಗೆ ಮಜ್ಜಿಗೆ ಲೋಟ ಕೆಳಗಿಟ್ಟು ಎದ್ದು ಬರಬಹುದಿತ್ತು.

"ಮತ್ತೆ ಯಾಕೆ ಬೋಳಿಸಿದೆ?"

ಅಮ್ಮ ಸೆರಗಿನ ತುದಿ ಸುತ್ತುತ್ತಾ ಕೂತಳು. "ಅದೆಲ್ಲ ಈಗ್ಯಾಕೆ. ನೀನ್ ಚಿಕ್ಕೋಳು, ಏನೋ ಬಾಯಿಗ್ ಬಂದಿದ್ ಅಂದಿದ್ದೆ. ಅವ್ರು ನನ್ ಕೈ ಇಡ್ಕಂಡು ಅತ್ಬುಟ್ರು. ಮದ್ವೆ ಗೊತ್ತಾಗೋ ಒತ್ತು, ತಾಯಿಲ್ಲದ ಎಣ್ಣು. ನಿನ್ ಬಾಯಲ್ಲಿ ಅಂಥಾ ಮಾತು ಬಂದ್ರೆ ನಾನೆಂಗ್ ಸುಮ್ಕಿರ್ಲಿ? ಆ ಪಾಪ ತೊಳೀಲಿ ಅಂತ್ಲೇ ಮುಡಿ ಕೊಡ್ಸಿದ್ದು."

ನಾನು ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತು. ಸತ್ತವರಿಗೆ ಇನ್ನು ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಅಮ್ಮನ ಎದುರು ಕೂತು, ಕಣ್ಣಿಗೆ ಕಣ್ಣಿಟ್ಟು ಹೇಳಿದೆ. "ಅಮ್ಮಾ, ಮಿಸ್ಸಿನ ತಲೆ ಪೂರಾ ಬೆಳ್ಳಗಿತ್ತು. ಭಾನುವಾರ ಭಾನುವಾರ ನಾನೇ ಕಪ್ಪು ಹಚ್ತಿದ್ದೆ, ನನ್ನ ಈ ಕೈಯಲ್ಲೇ."

ಅಮ್ಮ ಬೆಚ್ಚಲಿಲ್ಲ. ನನ್ನನ್ನು ನೋಡಿದಳು, ಆ ಹಳೆಯ ನೋಟದಲ್ಲೇ. ಆಮೇಲೆ ಬೇಸರದಿಂದ ತಲೆಯಾಡಿಸಿದಳು.

"ಇದನ್ನೇ ಕಣೇ ಮಿಸ್ಸಮ್ಮ ಅವತ್ತು ಅಂದಿದ್ದು. ನಿಮ್ ಮಗಳು ಇಂಗೊಂದ್ ಸುಳ್ಳು ಕಟ್ತಾವ್ಳೆ, ಒಂದಿನ ನಿಮ್ ಮುಂದೇನೂ ಬಂದು ಯೋಳ್ತಾಳೆ, ನಂಬ್ಬೇಡಿ ಮುನಿಯಮ್ಮಕ್ಕ ಅಂತ."